ಸರ್ವಮಂಗಳಮ್ಮನವರ ಡರ್ಬಿ ದಿಗ್ವಿಜಯ

ಚಿರ್... ಚಿರ್...

ಮೈಸೂರೆಂಬ ಮಹಾನಗರಿಯು ನಿದ್ರಾಮುದ್ರಿತವಾಗಿ, ಬೀದಿನಾಯಿಗಳೂ ತಮ್ಮ ಗಡಿರಕ್ಷಣೆಯ ಕಾರ್ಯವನ್ನು ಮರುದಿನಕ್ಕೆ ಮುಂದೂಡಿ ಮಲಗಿದ್ದ ಆ ಅಪರಾತ್ರಿಯಲ್ಲಿ, ಇಟ್ಟಿಗೆಗೂಡಿನ ಒಂದು ಸಣ್ಣ ಮನೆಯಿಂದ ಇಷ್ಟೇ ಇಷ್ಟು ಸದ್ದು ಕೇಳಿಬರುತ್ತಿತ್ತು. ಅದು ಇಲಿಯಲ್ಲ, ಹಲ್ಲಿಯಲ್ಲ. ಮಹಾಸಮರದ ಮುನ್ನಾರಾತ್ರಿ ಖಡ್ಗಕ್ಕೆ ಸಾಣೆ ಹಿಡಿಯುವ ಸದ್ದು. ಖಡ್ಗವೆಂದರೆ ಎಚ್.ಬಿ. ಪೆನ್ಸಿಲು, ಸಾಣೆಯೆಂದರೆ ಅರ್ಧ ಬ್ಲೇಡು.

ಏಳು ಕುದುರೆಗಳ ರಥವನ್ನೇರಿ, ಅವುಗಳಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂಬ ಚಿಂತೆಯೇ ಇಲ್ಲದೆ ದಿನವೂ ಹೊತ್ತಿಗೆ ಸರಿಯಾಗಿ ಪಶ್ಚಿಮವನ್ನು ಮುಟ್ಟುವ ಓ ಸೂರ್ಯದೇವನೇ! ಒಂದೇ ಒಂದು ಕುದುರೆಯನ್ನು ಆರಿಸಲು ಮನುಷ್ಯರು ಪಡುವ ಪಾಡನ್ನು ಹೇಳಹೊರಟಿರುವ ಈ ನಾಲಗೆಗೆ ಬಲವನ್ನು ಕೊಡು. ಅಂಗೈಯಗಲದ ಫೋನುಗಳೇ ಭವಿಷ್ಯವನ್ನು ನುಡಿಯುತ್ತಿದ್ದ ಆ ಘೋರ ಕಲಿಯುಗದಲ್ಲಿ, ಬರಿಯ ಪೆನ್ಸಿಲಿನಿಂದ ನಾಳೆಯನ್ನು ಅಗೆದು ತೆಗೆಯಬಲ್ಲ ಯೋಧರು ಆ ಊರಿನಲ್ಲಿ ಮೂವರು ಮಾತ್ರ ಉಳಿದಿದ್ದರು. ಅವರಲ್ಲಿ ಈ ಕಥೆಯ ನಾಯಕಿ, ವರ್ಷಬಿಂದುಗಣನಾಧುರಂಧರೆ, ದಶಾಂಶಸ್ಥಾನಸಂರಕ್ಷಿಣಿ, ಅನಿಲಕೀಲಕಪುನಃಪರೀಕ್ಷಾವ್ರತಧಾರಿಣಿ, ಶ್ರೀಮತಿ ಸರ್ವಮಂಗಳಮ್ಮನವರು.

ಈ ಬಿರುದುಗಳಿಗೆ ಕಾರಣವಿತ್ತು. ಸರ್ವಮಂಗಳಮ್ಮನವರು ಮೂವತ್ತೊಂದು ವರ್ಷ ಒಂದು ಮಳೆಮಾಪನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಿದ್ದ ಮಳೆಯನ್ನು ಮಿಲಿಮೀಟರಿನ ಹತ್ತನೆಯ ಒಂದಂಶದವರೆಗೆ ಅಳೆದು ಬರೆಯುವುದು ಅವರ ಕೆಲಸ. ನಾಳೆ ಮಳೆ ಬೀಳುವುದೋ ಇಲ್ಲವೋ ಎಂದು ಹೇಳುವ ಅಧಿಕಾರ ಮೇಲಿನ ಮಹಡಿಯವರದು. ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಯಾರೂ ಮಹಡಿಯಿಳಿದು ಬಂದು, "ನಾಳೆ ಏನಾಗುತ್ತೆ ಮೇಡಂ?" ಎಂದು ಅವರನ್ನು ಕೇಳಲಿಲ್ಲ. ಆಗಿಹೋದದ್ದನ್ನು ಅಳೆಯುತ್ತಲೇ ತಲೆ ನರೆತ ಆ ಜೀವಕ್ಕೆ, ಆಗಲಿರುವುದನ್ನು ಒಂದೇ ಒಂದು ಸಲ ಮೊದಲೇ ಹೇಳಿ ಸೈ ಎನಿಸಿಕೊಳ್ಳಬೇಕೆಂಬ ಆಸೆ ಒಳಗೇ ಉರಿಯುತ್ತಿತ್ತು. ಕೊನೆಯ ಬಿರುದಿನ ವಿಷಯ: ಅವರು ಗ್ಯಾಸಿನ ಕೀಲಿಯನ್ನು ಒಂದು ರಾತ್ರಿಗೆ ನಾಲ್ಕು ಸಲ ಎದ್ದು ನೋಡುತ್ತಿದ್ದರು.

ಇನ್ನು ಸಮರದ ಕಾರಣವನ್ನು ಕೇಳಿ. ರೇಸ್ ಕೋರ್ಸಿನ ಎದುರು ವಾಮನ ಶೆಣೈಯವರ ಕಾಫಿ ಹೋಟೆಲಿದೆ. ಅದರ ಕಿಟಕಿಯ ಪಕ್ಕ, ಫ್ಯಾನಿನ ನೇರ ಕೆಳಗೆ, ಕೈಗಳುಳ್ಳ ಒಂದು ಬೆತ್ತದ ಕುರ್ಚಿಯಿದೆ. ವರ್ಷಕ್ಕೊಮ್ಮೆ ಡರ್ಬಿಯ ದಿನ ಗೆಲ್ಲುವ ಕುದುರೆಯನ್ನು ಯಾರು ಮೊದಲೇ ಹೇಳುತ್ತಾರೋ, ಮುಂದಿನ ಡರ್ಬಿಯವರೆಗೆ ಆ ಕುರ್ಚಿ ಅವರದು. ಯಾರೂ ಹೇಳದಿದ್ದರೆ ಕೂತವರೇ ಮುಂದುವರಿಯುವುದು. ಈ ನಿಯಮದ ಬಲದಿಂದ, ಹಿಂದೆಂದೋ ಒಂದು ಸಲ ಸರಿಯಾಗಿ ಹೇಳಿದ್ದ ಸಿದ್ದರಾಜೇ ಅರಸಿನವರು ಒಂಬತ್ತು ವರ್ಷಗಳಿಂದ ಆ ಸಿಂಹಾಸನವನ್ನು ಆಳುತ್ತಿದ್ದರು. ಅವರು ಕೂರುವ ಭಂಗಿಯೇ ಒಂದು ನೋಟ. ಬಲಕ್ಕೆ ವಾಲಿ, ಬಲಮೊಣಕೈಯನ್ನು ಕುರ್ಚಿಯ ಕೈಮೇಲೆ ಊರಿ, ಶೇಷಶಾಯಿಯಂತೆ ಅರೆಗಣ್ಣಾಗಿ ಕಾಫಿ ಹೀರುತ್ತಿದ್ದರು. ಎಡಕ್ಕೆ ಅವರು ತಿರುಗಿದ್ದನ್ನು ಕಂಡವರಿಲ್ಲ. "ರಾಜವಂಶದವರು, ಕೂರೋದೇ ಹಾಗೆ," ಎಂದು ಊರು ಮೆಚ್ಚುತ್ತಿತ್ತು.

ಆ ಕೂಟಕ್ಕೆ ಕಡೆಯದಾಗಿ ಸೇರಿದ ಸರ್ವಮಂಗಳಮ್ಮನವರಿಗೆ ಸಿಕ್ಕಿದ್ದು ಕೈ ತೊಳೆಯುವ ತೊಟ್ಟಿಯ ಪಕ್ಕದ ಸ್ಟೂಲು. ಊಟ ಮುಗಿಸಿದವರು ಕೈ ತೊಳೆದು ಕೊಡವಿದ ನೀರೆಲ್ಲ ಅವರ ಎಡಭುಜದ ಮೇಲೆ. ಅವರ ಲೆಕ್ಕದಂತೆ ವಾರ್ಷಿಕ ಸರಾಸರಿ ನಲವತ್ತೆರಡು ಮಿಲಿಮೀಟರು.

ಆದ್ದರಿಂದಲೇ ಆ ಅಪರಾತ್ರಿಯ ಪೆನ್ಸಿಲು.

ಅವರ ಮುಂದೆ ರೇಸ್ ಪುಸ್ತಕ ತೆರೆದಿತ್ತು. ಹನ್ನೊಂದು ಕುದುರೆಗಳು, ಹನ್ನೊಂದು ಸಾಲುಗಳು. ಪ್ರತಿ ಕುದುರೆಗೂ ಎರಡು ಸಂಖ್ಯೆ: ಹೆಸರಿನ ಎಡಗಡೆ, ಬೆನ್ನಿನ ಬಟ್ಟೆಯ ಮೇಲೆ ಹೊತ್ತು ಓಡುವ ಸಂಖ್ಯೆ, ಬಲಗಡೆ, ಓಟ ಶುರುವಾಗುವಾಗ ಅದು ನಿಲ್ಲಬೇಕಾದ ಗೇಟಿನ ಸಂಖ್ಯೆ. ಅದನ್ನು ಚೀಟಿಯೆತ್ತಿ ಗೊತ್ತುಮಾಡುತ್ತಾರೆ. ಆ ಸಾಲುಗಳ ಮೇಲೆ ಸರ್ವಮಂಗಳಮ್ಮನವರ ದೃಷ್ಟಿಯು, ಶತ್ರುಸೈನ್ಯವನ್ನು ಬೆಟ್ಟದ ಮೇಲಿಂದ ನೋಡುವ ದಂಡನಾಯಕನ ದೃಷ್ಟಿಯಂತೆ ಸಂಚರಿಸಿತು.

ಒಂದನೆಯದು ಇಂಪೀರಿಯಲ್ ಗ್ಲೋರಿ: ಕಾರ್ಮೋಡದಂಥ ಮೈ, ಆರು ಗೆಲುವುಗಳ ಗರ್ವ, ಆದರೆ ಗೆದ್ದದ್ದೆಲ್ಲ ಒಣನೆಲದಲ್ಲಿ. ಆರನೆಯದು ಬ್ಲ್ಯಾಕ್ ಮೊಗ್ರಾ: ವಾಯುವೇಗದ ವೀರ, ಆದರೆ ಎರಡು ಸಾವಿರ ಮೀಟರಿನಲ್ಲಿ ಕಡೆಯ ಮುನ್ನೂರಕ್ಕೆ ಉಸಿರು ಸಾಲದು. ಒಂಬತ್ತನೆಯದು ಸಂಡೇ ಲಂಚ್ ಎಂಬ ಬಡಕಲು ಹೆಣ್ಣುಕುದುರೆ. ಹೋದ ಸಲ ಓಟಕ್ಕೆ ಮೊದಲು ಎಲ್ಲರೆದುರು ಆಕಳಿಸಿತ್ತು. ಅದರ ಮೇಲೆ ಪೆನ್ಸಿಲು ಒಂದು ಕ್ಷಣವೂ ನಿಲ್ಲಲಿಲ್ಲ.

ನಿಂತದ್ದು ನಾಲ್ಕನೆಯದರ ಮೇಲೆ. ನೀಲಗಿರಿ ಪ್ರಿನ್ಸ್! ಪಂಕಭೂಮಿಪರಾಕ್ರಮಿ! ಅದರ ಅಪ್ಪ, ಅಜ್ಜ, ಇಬ್ಬರು ಚಿಕ್ಕಪ್ಪಂದಿರು ಎಲ್ಲರೂ ಒದ್ದೆ ನೆಲದಲ್ಲಿ ಗೆದ್ದವರು. ಹಿತ್ತಲಿನ ಮಳೆಮಾಪಕದಲ್ಲಿ ಎರಡು ದಿನಗಳಿಂದ ಹನ್ನೊಂದು ಪಾಯಿಂಟ್ ನಾಲ್ಕು ಮಿಲಿಮೀಟರು ಬಿದ್ದಿತ್ತು. ಒಂದೇ ಅಳುಕು: ಅದಕ್ಕೆ ಸಿಕ್ಕಿದ್ದು ಒಂಬತ್ತನೆಯ ಗೇಟು. ಹೊರಗಡೆಯದು, ತಿರುವಿನಲ್ಲಿ ಸುತ್ತು ಜಾಸ್ತಿ. ಒಂಬತ್ತು ಒಳ್ಳೆಯದೇ, ಕೆಟ್ಟದ್ದೇ? ಎದ್ದು ಗ್ಯಾಸು ನೋಡಿ ಬಂದರು. ಹೊರಗಡೆ ನೆಲ ಅಷ್ಟು ತುಳಿತಕ್ಕೆ ಸಿಕ್ಕಿರುವುದಿಲ್ಲ, ಒಂಬತ್ತು ಒಳ್ಳೆಯದೇ. ಮತ್ತೆ ಗ್ಯಾಸು. ಆದರೆ ಗಾಳಿ? ಮತ್ತೆ ಗ್ಯಾಸು. ಎರಡು ಗಂಟೆ ಹೊಡೆಯುವ ಹೊತ್ತಿಗೆ ಒಂಬತ್ತೆಂಬ ದುರ್ಗವು ಕೈವಶವಾಗಿ, ವಿಜಯವು ನಿಶ್ಚಯವಾಗಿ, ಅವರು ಚೀಟಿಯನ್ನು ಬರೆದು ನಾಲ್ಕಾಗಿ ಮಡಚಿ, ಕಡೆಯದಾಗಿ ಒಮ್ಮೆ ಗ್ಯಾಸು ನೋಡಿ ಮಲಗಿದರು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಹೋಟೆಲಿನಲ್ಲಿ ವೀರರು ನೆರೆದರು. ಮೂರನೆಯ ವೀರನೆಂದರೆ ಮುನಾಫ್ ಸಾಹೇಬರು, ನಲವತ್ತು ವರ್ಷ ಕುದುರೆಗಳಿಗೆ ಲಾಳ ಹೊಡೆದವರು. ಕೌಂಟರಿನ ಮೇಲೆ ಖಾಲಿ ಉಪ್ಪಿನಕಾಯಿ ಭರಣಿಯೊಂದು ಬಾಯ್ತೆರೆದು ಕೂತಿತ್ತು. ಚೀಟಿಗಳು ಬೀಳಬೇಕಾದದ್ದು ಅದರೊಳಗೆ. ಚೀಟಿಯಲ್ಲಿ ಒಂದು ಸಂಖ್ಯೆ, ಒಂದು ರುಜು, ಅಷ್ಟೇ. ಕುದುರೆಯ ಹೆಸರು ಬರೆಯುವಂತಿಲ್ಲ. ಹಿಂದೊಮ್ಮೆ ಅರಸಿನವರ ಅಕ್ಷರವನ್ನು ಯಾರೂ ಓದಲಾರದೆ ಮೂರು ದಿನ ಜಗಳವಾಗಿ, ಶೆಣೈಯವರು ಮಾಡಿದ ಶಾಸನವದು.

"ಏನಮ್ಮಾ ಸರ್ವಮಂಗಳಾ," ಎಂದರು ಅರಸಿನವರು ಬಲಕ್ಕೆ ವಾಲಿಕೊಂಡೇ, "ಈ ಸಲಾನೂ ಮಳೆ ಲೆಕ್ಕಾನೇನಾ? ಕುದುರೆಗೆ ಕೊಡೆ ಹಿಡ್ಕೊಂಡು ಓಡು ಅಂತ ಹೇಳಿ ಕಳಿಸಿದ್ದೀರೋ?"

"ಕೊಡೆ ನಿಮಗೆ ಬೇಕಾಗ್ಬಹುದು," ಎಂದರು ಸರ್ವಮಂಗಳಮ್ಮ. "ಆ ಸ್ಟೂಲಿನ ಹತ್ರ ನೀರು ಸಿಡಿಯುತ್ತೆ."

ಸಭೆ ಹೋ ಎಂದಿತು. ಆಗ ಅರಸಿನವರು ಸಿಂಹಾಸನದಲ್ಲಿ ನೆಟ್ಟಗಾಗಲು ಹೋಗಿ, ಏನನ್ನೋ ನೆನೆದವರಂತೆ ಪುನಃ ಬಲಕ್ಕೆ ವಾಲಿ ಗರ್ಜಿಸಿದರು: "ಕೇಳ್ರಯ್ಯಾ! ನಮ್ಮಜ್ಜ ಅರಮನೆ ಲಾಯದಲ್ಲಿ ನೂರಾಹತ್ತು ಕುದುರೆ ನೋಡ್ಕೊಂಡೋರು. ಅವರು ಕೆಮ್ಮಿದ್ರೆ ಕುದುರೆಗಳು ಸಾಲಾಗಿ ನಿಲ್ತಿದ್ವು. ಆ ರಕ್ತ ಇದು. ಕುದುರೆ ಹಿಂಭಾಗ ಒಂದು ಸಲ ನೋಡಿದ್ರೆ ಸಾಕು, ಅದರ ಮೊಮ್ಮಗ ಎಷ್ಟನೇದಾಗಿ ಬರುತ್ತೆ ಅಂತ ಹೇಳ್ತೀನಿ!"

"ಅರಸು ಸಾಬ್, ನೀವು ಹಿಂದಗಡೆ ನೋಡಿದೋರು," ಎಂದರು ಮುನಾಫ್ ಸಾಹೇಬರು. "ನಾನು ಅಡೀಗೆ ಕೂತು ನೋಡಿದೋನು. ನಾಲ್ಕು ಸಲ ಒದೆ ತಿಂದಿದೀನಿ, ಎಲ್ಡು ಸಲ ಡರ್ಬಿ ಗೆದ್ದಿದ್ ಕುದ್ರೆದೇ ಒದೆ! ಮುಖ ಸುಳ್ಳು ಹೇಳ್ತದೆ, ಹಿಂಭಾಗಾನೂ ಸುಳ್ಳು ಹೇಳ್ತದೆ. ಗೊರಸು ಹೇಳಾಕಿಲ್ಲ."

ಎಲ್ಲರೂ ಸರ್ವಮಂಗಳಮ್ಮನವರ ಕಡೆ ತಿರುಗಿದರು. ಅವರು ಕನ್ನಡಕವನ್ನು ಒರೆಸಿ, ಮಾತನ್ನು ತೂಗಿ, ಇನ್ನೊಮ್ಮೆ ತೂಗಿ, ನುಡಿದರು: "ಹನ್ನೊಂದು ಪಾಯಿಂಟ್ ನಾಲ್ಕು."

"ಮತ್ತೆ?"

"ಅಷ್ಟೇ."

ಅದಕ್ಕಿಂತ ಉದ್ಧತವಾದ ಮಾತು ಅವರ ಬಾಯಿಂದ ಅರುವತ್ತಾರು ವರ್ಷಗಳಲ್ಲಿ ಹೊರಟಿರಲಿಲ್ಲ.

"ಭಾಷಣ ಸಾಕು ಮಾರಾಯ್ರೆ," ಎಂದರು ಶೆಣೈಯವರು. "ಹನ್ನೊಂದಕ್ಕೆ ಭರಣಿ ಬಂದ್. ನನಗೆ ವಡೆಗೆ ರುಬ್ಬಲಿಕ್ಕುಂಟು."

ಮೂರು ಚೀಟಿಗಳು ಬಿದ್ದವು. ಮುಚ್ಚಳ ಬಿತ್ತು.

ಅಪರಾಹ್ನ ನಾಲ್ಕಕ್ಕೆ ರಣಭೂಮಿಯ ವೀಕ್ಷಣೆಗೆಂದು ಎಲ್ಲರೂ ಹೋಟೆಲಿನ ತಾರಸಿಯನ್ನೇರಿದರು. ಒಣಗಲು ಹರಡಿದ್ದ ಹಪ್ಪಳಗಳ ನಡುವೆ ಕಾಲಿಡಲು ಜಾಗ ಮಾಡಿಕೊಂಡು ಕಟಕಟೆಯನ್ನು ಹಿಡಿದು ನಿಂತರು. ಅಲ್ಲಿಂದ ಓಟದ ದಾರಿಯೆಲ್ಲ ಕಾಣುತ್ತಿತ್ತು, ಕಡೆಯ ಇನ್ನೂರು ಮೀಟರು ಬಿಟ್ಟು. ಅದನ್ನು ಒಂದು ಮಹಾವೃಕ್ಷವು ಮರೆಮಾಡಿತ್ತು. ಮರದ ಈಚೆ ಬದಿಯಿಂದ ಒಳಹೊಕ್ಕ ಕುದುರೆಗಳು, ಗುರಿ ದಾಟಿ ಆಚೆ ಬದಿಯಿಂದ ಹೊರಬರುವವರೆಗೆ ದೇವರಿಗೇ ಗೊತ್ತು.

ಗೇಟುಗಳು ತೆರೆದವು. ನಲವತ್ತನಾಲ್ಕು ಗೊರಸುಗಳ ಘಾತಕ್ಕೆ ಭೂದೇವಿಯು ಕಂಪಿಸಿದಳು, ಹಪ್ಪಳಗಳೂ ಕಂಪಿಸಿದವು. ಕೆಸರಿನ ತುಂತುರುಗಳು ಆಕಾಶಕ್ಕೆ ನೆಗೆದವು. ಆ ಕೆಸರಿನ ಪ್ರಳಯವನ್ನು ಸೀಳಿಕೊಂಡು, ಹೊರಗಡೆಯ ಗಟ್ಟಿನೆಲವನ್ನು ಹಿಡಿದು, ಲೆಕ್ಕದಲ್ಲಿ ಬರೆದಿದ್ದಂತೆಯೇ, ಗೆರೆ ಎಳೆದಿದ್ದಂತೆಯೇ, ಎಲ್ಲರಿಗಿಂತ ಮುಂದೆ ಬಂದವನು ಯಾರು? ನೀಲಗಿರಿ ಪ್ರಿನ್ಸ್! ಸರ್ವಮಂಗಳಮ್ಮನವರ ಬೆರಳುಗಳು ಕಟಕಟೆಯಲ್ಲಿ ಹೂತವು. ಕಡೆಯ ತಿರುವಿನಲ್ಲಿ ನಾಲ್ಕು ಮೈಯುದ್ದ ಮುಂದೆ. ಮೂವತ್ತೊಂದು ವರ್ಷಗಳ ಮೇಲಿನ ಮಹಡಿಯೆಲ್ಲ ಆ ಕ್ಷಣ ಅವರ ಕಾಲಡಿಯಲ್ಲಿತ್ತು. ನೀಲಗಿರಿ ಪ್ರಿನ್ಸ್ ಮೊದಲನೆಯದಾಗಿ ಮರದ ಹಿಂದೆ ಹೊಕ್ಕಿತು.

ಮರದ ಆಚೆಯಿಂದ ಮೊದಲು ಹೊರಬಂದದ್ದು ಒಂದು ಬಡಕಲು ಕಂದುಬಣ್ಣದ ಕುದುರೆ. ಅದರ ಹಿಂದೆ ಇಂಪೀರಿಯಲ್ ಗ್ಲೋರಿ. ಬ್ಲ್ಯಾಕ್ ಮೊಗ್ರಾ. ಇನ್ನೊಂದು. ಮತ್ತೊಂದು. ಎಲ್ಲ ಬಂದ ಮೇಲೆ, ಬೆಳಗಿನ ವಾಕಿಂಗಿಗೆ ಹೊರಟವರಂತೆ, ಹನ್ನೊಂದನೆಯದಾಗಿ ನೀಲಗಿರಿ ಪ್ರಿನ್ಸ್.

"ಫಸ್ಟ್, ನಂಬರ್ ನೈನ್, ಸಂಡೇ ಲಂಚ್," ಎಂದಿತು ಧ್ವನಿವರ್ಧಕ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

ಸರ್ವಮಂಗಳಮ್ಮನವರು ಮೆಟ್ಟಿಲಿಳಿದು ಸೀದಾ ಹೋಗಿ ತಮ್ಮ ಸ್ಟೂಲಿನ ಮೇಲೆ ಕೂತರು. ಯಾರೋ ಕೈ ತೊಳೆದು ಕೊಡವಿದರು. ಒರೆಸಿಕೊಳ್ಳಲೂ ಇಲ್ಲ.

"ಹತ್ತನೇ ವರ್ಷ!" ಎಂದು ಅರಸಿನವರು ಸಿಂಹಾಸನದ ಕಡೆ ನಡೆದರು. "ಆ ಆಕಳಿಸೋ ಕುದುರೇನ ಯಾರು ಬರೀತಾರೆ? ಶೆಣೈ, ಶಾಸ್ತ್ರಕ್ಕೆ ತೆಗೀರಿ ಅದನ್ನ."

ಶೆಣೈಯವರು ಭರಣಿಗೆ ಕೈ ಹಾಕಿದರು. "ಅರಸು, ಒಂದು. ಮುನಾಫು, ಆರು. ಅಮ್ಮನವರದು..." ಅವರು ಚೀಟಿಯನ್ನು ದೀಪಕ್ಕೆ ಹಿಡಿದರು. ತಿರುಗಿಸಿ ಹಿಡಿದರು. "ಎಂತ ಇದು? ಒಂಬತ್ತು!"

ಒಳಗೆ ಯಾರೋ ಗ್ರೈಂಡರನ್ನು ನಿಲ್ಲಿಸಿದರು.

ಸರ್ವಮಂಗಳಮ್ಮನವರು ಮಡಿಲಿನ ರೇಸ್ ಪುಸ್ತಕವನ್ನು ಮೆಲ್ಲನೆ ಅರ್ಧ ತೆರೆದರು. ನೀಲಗಿರಿ ಪ್ರಿನ್ಸಿನ ಹೆಸರಿನ ಸುತ್ತ ಗೆರೆ. ಎಡಗಡೆ ನಾಲ್ಕು. ಬಲಗಡೆ, ಪೆನ್ಸಿಲಿನಲ್ಲಿ ಮೂರು ಸಲ ತಿದ್ದಿ ಕಪ್ಪಾಗಿಸಿದ್ದ ಒಂಬತ್ತು. ಗೇಟಿನ ಸಂಖ್ಯೆ. ಕುದುರೆಯ ಸಂಖ್ಯೆಯನ್ನು ಬರೆಯಬೇಕಾದ ಕಡೆ ಗೇಟಿನ ಸಂಖ್ಯೆಯನ್ನು ಬರೆದಿದ್ದರು. ನಾಲ್ಕು ಸಲ ಪರೀಕ್ಷಿಸಿದ್ದು ಗ್ಯಾಸನ್ನು. ಚೀಟಿಯನ್ನು ಒಂದು ಸಲವೂ ಅಲ್ಲ. ಅವರು ಪುಸ್ತಕವನ್ನು ಮುಚ್ಚಿದರು.

"ಯಾ ಅಲ್ಲಾ!" ಎಂದು ಮುನಾಫ್ ಸಾಹೇಬರು ಎರಡೂ ಕೈಯೆತ್ತಿದರು. "ಮೇಡಮ್ಮಾ! ನಾನು ಅದ್ರ ಕಾಲಿಗೆ ಲಾಳ ಹೊಡ್ದೋನು, ನಂಗೇ ಗೊತ್ತಾಗ್ಲಿಲ್ಲ! ನಿಮಗೆಂಗೆ ಗೊತ್ತಾಯ್ತು?"

"ಅದು..." ಎಂದರು ಸರ್ವಮಂಗಳಮ್ಮ. "ನಾನು ನಿಜವಾಗಿ..."

"ಹನ್ನೊಂದು ಪಾಯಿಂಟ್ ನಾಲ್ಕು!" ಎಂದು ಶೆಣೈಯವರು ಹಣೆ ಚಚ್ಚಿಕೊಂಡರು. "ಬೆಳಿಗ್ಗೆಯೇ ಹೇಳಿದ್ರಲ್ಲ! ನಮಗೆ ತಲೆ ಇಲ್ಲ."

"ಹಾಗಲ್ಲ ಶೆಣೈಯವರೇ, ನನ್ನ ಲೆಕ್ಕದಲ್ಲಿ ಅದು..."

"ಲೆಕ್ಕ ಬಿಡಿ ಅಮ್ಮಾ, ಬರೀ ಲೆಕ್ಕದಲ್ಲಿ ಇದು ಬರೂದಿಲ್ಲ. ನೋಡಿ, ನಾಳೆ ನಮ್ಮ ತಂಗಿ ಮಗನ ಗೃಹಪ್ರವೇಶ. ಮಳೆ ಬರ್ತದಾ?"

ಸರ್ವಮಂಗಳಮ್ಮನವರು ಕಿಟಕಿಯ ಕಡೆ ತಿರುಗಿ ಮೋಡವನ್ನು ನೋಡಿದರು. ಮೂವತ್ತೊಂದು ವರ್ಷ ಯಾರೂ ಕೇಳದಿದ್ದ ಪ್ರಶ್ನೆ.

"ಸಾಯಂಕಾಲ ಸ್ವಲ್ಪ," ಎಂದರು, ಮೆಲ್ಲಗೆ.

"ನೋಡಿ!" ಎಂದರು ಶೆಣೈಯವರು ಎಲ್ಲರಿಗೂ.

ಅರಸಿನವರು ಕುರ್ಚಿಯ ಪಕ್ಕಕ್ಕೆ ಬಂದರು. ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳನ್ನು ಒರೆಸಿದರು. ಆಮೇಲೆ ರಾಜ್ಯವನ್ನು ಒಪ್ಪಿಸುವ ಅರಸನಂತೆ ಕೈ ಚಾಚಿ, "ಬನ್ನಿ ತಾಯಿ. ಕೂತ್ಕೊಳ್ಳಿ. ನಿಮ್ಮದು," ಎಂದರು.

ಫ್ಯಾನು ಮೂರಕ್ಕೆ ಏರಿತು. ಸಪ್ಲೈಯರುಗಳು ತಟ್ಟೆ ಹಿಡಿದೇ ಸಾಲಾಗಿ ನಿಂತರು. ವರ್ಷಬಿಂದುಗಣನಾಧುರಂಧರೆಯು ಸೀರೆಯ ನೆರಿಗೆಯನ್ನು ಸರಿಮಾಡಿ, ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ನೆಟ್ಟಗೆ, ಗಂಭೀರವಾಗಿ, ಸಿಂಹಾಸನಾರೂಢಳಾದಳು.

ಎಡಗಡೆ ಒಂದು ಮೊಳೆ ಚುಚ್ಚಿತು.

ಬೆತ್ತದ ಸಂದಿನಿಂದ ಕಾಲಿಂಚು ಮೇಲೆದ್ದ ಮೊಳೆ. ಒಂಬತ್ತು ವರ್ಷಗಳ ಹಳೆಯ ಮೊಳೆ. ಸರ್ವಮಂಗಳಮ್ಮನವರು ಉಸಿರನ್ನು ಒಳಗೇ ಎಳೆದುಕೊಂಡು, ತಲೆಯೆತ್ತಿ ಅರಸಿನವರನ್ನು ನೋಡಿದರು. ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಅವರು ಆಗಲೇ ಕೂತಿದ್ದರು. ಮೊದಲ ಸಲ ಬೆನ್ನು ನೆಟ್ಟಗೆ ಮಾಡಿಕೊಂಡು, ಮೊದಲ ಸಲ ಎಡಕ್ಕೂ ಬಲಕ್ಕೂ ತಿರುಗುತ್ತ, ಬಹಳ ಆಸಕ್ತಿಯಿಂದ ಗೋಡೆಯ ಬೆಲೆಪಟ್ಟಿಯನ್ನು ಓದುತ್ತಿದ್ದರು.

"ಹೆಂಗದೆ ಮೇಡಮ್ಮಾ?" ಎಂದರು ಮುನಾಫ್ ಸಾಹೇಬರು.

ಸರ್ವಮಂಗಳಮ್ಮನವರು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದರು. ಕಾಫಿ ಬಂತು. ಅದನ್ನು ಬಲಗೈಗೆ ತೆಗೆದುಕೊಂಡು, ಮೆಲ್ಲಗೆ ಬಲಕ್ಕೆ ವಾಲಿ, ಮೊಣಕೈಯನ್ನು ಊರಿದರು.

"ಸುಖವಾಗಿದೆ," ಎಂದರು. ಗೇಟಿನ ಸಂಖ್ಯೆಯ ವಿಷಯವನ್ನಾಗಲಿ ಮೊಳೆಯ ವಿಷಯವನ್ನಾಗಲಿ ಈ ಜನ್ಮದಲ್ಲಿ ಯಾರಿಗೂ ಹೇಳಬಾರದೆಂದು, ಮೊದಲ ಗುಟುಕು ಗಂಟಲಿಳಿಯುವುದರೊಳಗೆ ತೀರ್ಮಾನಿಸಿಬಿಟ್ಟಿದ್ದರು.