ಆಯುಧಪೂಜೆಗೆ ಕೂತ ಸಮುರಾಯ್

ಎರವಲು ತಂದ ವಸ್ತು ಮನೆಯಲ್ಲಿದ್ದರೆ ನನಗೆ ನೆಮ್ಮದಿಯಿಲ್ಲ. ನಮ್ಮದೇ ಟೀವಿ ಬಿದ್ದು ಒಡೆದರೂ ಹೋದರೆ ಹೋಗಲಿ ಎಂದು ಸುಮ್ಮನಾಗುತ್ತೇನೆ. ಪಕ್ಕದ ಮನೆಯ ಏಣಿ ನಮ್ಮ ಗೋಡೆಗೆ ಒರಗಿದ್ದರೆ ಮಾತ್ರ ಮತ್ತೆ ಮತ್ತೆ ಹೋಗಿ ನೋಡಿ ಬರುತ್ತೇನೆ. ಅಂಥ ನನ್ನ ಕೈಗೆ ರಾಯರು ತಮ್ಮ ಸಮುರಾಯ್ ಚಿತ್ರದ ಡಿಸ್ಕನ್ನು ಒಪ್ಪಿಸಿಬಿಟ್ಟರು.

ರಾಯರು ಅಟ್ಟೂರಿನಲ್ಲಿ ನಮ್ಮ ಹಿಂದಿನ ರಸ್ತೆಯವರು, ನಿವೃತ್ತ ಇಂಜಿನಿಯರು. ಈ ಬಡಾವಣೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರು ಅವರೊಬ್ಬರೇ. ಅವರು ಕಾಲೇಜಿನ ದಿನಗಳಲ್ಲಿ ಗೀರು ಬಿದ್ದ ರೀಲಿನಲ್ಲಿ ನೋಡಿದ್ದ, ಕತ್ತಿವೀರರ ಹಳೆಯ ಕಪ್ಪು ಬಿಳುಪು ಜಪಾನಿ ಚಿತ್ರವೊಂದನ್ನು ಯಾರೋ ಪುಣ್ಯಾತ್ಮರು ಈಗ ಶುದ್ಧಮಾಡಿ ಡಿಸ್ಕಿನಲ್ಲಿ ಹೊರತಂದಿದ್ದರು. ಅದನ್ನು ವಿದೇಶದಿಂದ ತರಿಸಿಕೊಂಡ ವಾರವೇ ರಾಯರ ಪ್ಲೇಯರು ಕೈಕೊಟ್ಟಿತು. ಹಾಗಾಗಿ ಆಯುಧಪೂಜೆಯ ಸಂಜೆ ನಮ್ಮ ಮನೆಯಲ್ಲಿ ನೋಡುವುದೆಂದು ನಿಶ್ಚಯವಾಯಿತು. ನಮ್ಮ ಪ್ಲೇಯರಿಗೆ ಹೊಂದುತ್ತದೋ ಇಲ್ಲವೋ ಪರೀಕ್ಷಿಸಲೆಂದು ಹಿಂದಿನ ದಿನವೇ ತಂದುಕೊಟ್ಟರು. ಹಾಕಿ ನೋಡಿದೆವು, ಕನ್ನಡಿಯಂತೆ ಕಾಣಿಸಿತು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಂಚಲ್ಲೇ ಹಿಡೀಬೇಕು. ಹೊಳೆಯೋ ಕಡೆ ಬೆರಳು ಸೋಕಬಾರ್ದು. ಇದಕ್ಕೇನಾದ್ರೂ ಆದ್ರೆ ನಾನು ನಿಮ್ಮನೆ ಮೆಟ್ಟಿಲು ಹತ್ತಲ್ಲ" ಎಂದರು. ನಗುತ್ತ ಹೇಳಲಿಲ್ಲ.

ಹಬ್ಬಕ್ಕೆಂದು ಇಲ್ಲೇ ಪಕ್ಕದ ಸಿಂಗಾಪುರ ಹಳ್ಳಿಯಿಂದ ನಮ್ಮ ಅತ್ತೆ ಬಂದಿದ್ದರು. ಅವರ ಹೊಲಗಳೆಲ್ಲ ಸೈಟುಗಳಾಗಿ ಎಷ್ಟೋ ಕಾಲವಾದರೂ ಆಯುಧಪೂಜೆಯ ಶಿಸ್ತು ಸಡಿಲವಾಗಿಲ್ಲ. ಕುಡುಗೋಲು, ಈಳಿಗೆಮಣೆ, ಕತ್ತರಿ, ಮಿಕ್ಸಿ, ನನ್ನ ಷೇವಿಂಗ್ ಸೆಟ್ಟು, ಎಲ್ಲವೂ ಮಣೆಯ ಮೇಲೆ ಸಾಲಾಗಿ ಕೂರಬೇಕು. ಮರುದಿನ ಅವರೇ ಎತ್ತುವವರೆಗೆ ಯಾರೂ ಮುಟ್ಟಬಾರದು. ಊಟ ಮುಗಿಸಿ, ಜರಿಯಂಚಿನ ಹೊಸ ಪಂಚೆಯಲ್ಲಿ ಗತ್ತಿನಿಂದ ದೇವರ ಕೋಣೆಗೆ ಇಣುಕಿದೆ. ಕುಡುಗೋಲಿಗೂ ಮಿಕ್ಸಿಗೂ ನಡುವೆ ರಾಯರ ಡಿಸ್ಕು ಸೇವಂತಿಗೆ ಮುಡಿದು ಕೂತಿತ್ತು, ಹೊಳೆಯುವ ಕಡೆಗೆ ದಪ್ಪನೆಯ ಗಂಧ, ಅದರ ಮೇಲೆ ಕುಂಕುಮ.

ಅತ್ತೆ ಶಾಂತವಾಗಿಯೇ ವಿವರಿಸಿದರು: "ಡಬ್ಬಿ ಮ್ಯಾಲೆ ಕತ್ತಿ ಇತ್ತಲ್ಲ ಅಳಿಯಂದ್ರೆ. ಆಯುಧ ಅಂದ್ಮೇಲೆ ಬಿಡಕ್ಕಾಯ್ತದಾ?"

ರಾಯರು ಬರಲು ಇನ್ನು ಅರ್ಧ ಗಂಟೆಯೂ ಇರಲಿಲ್ಲ. ಒರೆಸಿದರೆ ಅತ್ತೆಗೆ ಅವಮಾನ, ಬಿಟ್ಟರೆ ರಾಯರು ಇನ್ನೆಂದೂ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಅತ್ತೆ ಹೂವು ತರಲು ಹಿತ್ತಲಿಗೆ ಹೋದ ಗಳಿಗೆಯಲ್ಲಿ ಒಳಗೆ ನುಗ್ಗಿ, ಡಿಸ್ಕನ್ನು ಎತ್ತಿ, ಉಟ್ಟಿದ್ದ ಪಂಚೆಯ ಜರಿಯಂಚಿನಿಂದಲೇ ಗಸಗಸ ಉಜ್ಜಿದೆ. ಒಣಗಿದ ಗಂಧ ಜಗ್ಗಲಿಲ್ಲ. ಉಗುಳು ಹಚ್ಚಿ ಮತ್ತೆ ಉಜ್ಜಿದೆ. ದೇವರ ಕೋಣೆಯಲ್ಲಿ ಉಗುಳು ಬಳಸಿದ್ದಕ್ಕೆ ಆಮೇಲೆ ಕ್ಷಮೆ ಕೇಳೋಣವೆಂದುಕೊಂಡು, ಡಿಸ್ಕನ್ನು ಪ್ಲೇಯರಿನ ಹೊಟ್ಟೆಗೆ ತುರುಕಿದೆ.

ರಾಯರು ಬಂದರು. ಒಬ್ಬಟ್ಟು ತಿಂದು, ಕೈ ತೊಳೆದು, ಕನ್ನಡಕ ಒರೆಸಿಕೊಂಡು ಕೂತರು. ಅತ್ತೆಯೂ ದೇವರ ಕೋಣೆಗೊಮ್ಮೆ ಇಣುಕಿ ಬಂದು ಕೂತರು. ಚಿತ್ರ ಶುರುವಾಯಿತು. ನನ್ನ ಕಣ್ಣು ಮಾತ್ರ ಪ್ಲೇಯರಿನ ಪುಟ್ಟ ದೀಪದ ಮೇಲೆ. ಏನೂ ಆಗಲಿಲ್ಲ. ಮುಕ್ಕಾಲು ಚಿತ್ರ ಸರಾಗವಾಗಿ ಓಡಿತು, ನಾನು ಒಬ್ಬಟ್ಟಿಗೆ ಕೈ ಹಾಕಿದೆ. ಆಗಲೇ, ತನ್ನ ಒಡೆಯನ ಮಾನಕ್ಕಾಗಿ ಒಬ್ಬನೇ ನಿಂತ ಸಮುರಾಯ್ ಎತ್ತಿದ ಕತ್ತಿ ಎತ್ತಿದಂತೆಯೇ ನಿಂತುಹೋಯಿತು.

ರಾಯರು ಡಿಸ್ಕನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದರು. ಕುಂಕುಮದ ಕುರುಹಿರಲಿಲ್ಲ, ಜರಿ ಎಳೆದ ಗೆರೆಗಳು ಒತ್ತೊತ್ತಾಗಿ ಹೊಳೆಯುತ್ತಿದ್ದವು. "ಇದನ್ನ ಯಾರು ಮುಟ್ಟಿದ್ದು?" ಎಂದರು, ಬಹಳ ಮೆಲ್ಲಗೆ.

ಅತ್ತೆ ಒಮ್ಮೆ ನನ್ನ ಪಂಚೆಯ ಅಂಚನ್ನು ನೋಡಿದರು. ಅದು ಕೆಂಪಗಿತ್ತು. ಆಮೇಲೆ ರಾಯರ ಕಡೆ ತಿರುಗಿದರು.

"ನಾನೇ ಸ್ವಾಮಿ. ಪೂಜೆಗಿಟ್ಟಿದ್ದೆ. ನನ್ನುಂಗ್ರ ತಾಕಿರ್ಬೇಕು, ವಯಸ್ಸಾಯ್ತು ನೋಡಿ, ಗ್ಯಾನ ಇರಲ್ಲ."

ರಾಯರು ಹಿರಿಯರ ಮಾತಿಗೆ ತಲೆಬಾಗಿ, "ಪರವಾಗಿಲ್ಲ ಬಿಡೀಮ್ಮ, ಭಕ್ತಿಯಿಂದ ಮಾಡಿದ್ದೀರಿ" ಎಂದು ಮತ್ತೊಂದು ಒಬ್ಬಟ್ಟು ಹಾಕಿಸಿಕೊಂಡರು. ಟೀವಿಯಲ್ಲಿ ಅಷ್ಟು ಹೊತ್ತು ಮಾನ, ನಿಷ್ಠೆ, ಪ್ರಾಣತ್ಯಾಗವನ್ನೆಲ್ಲ ಕಣ್ಣರಳಿಸಿ ನೋಡಿದ್ದ ನಾನು ಪಂಚೆಯನ್ನು ಎತ್ತಿ, ಕೆಂಪು ಅಂಚು ಒಳಗೆ ಹೋಗುವಂತೆ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡೆ.