ಚೌಕ, ಸೊನ್ನೆ ಮತ್ತು ನನ್ನ ಮದುವೆ

ನನ್ನ ಸೋದರಮಾವನಂಥ ಡಾಕ್ಟರು ಇಡೀ ರಾಯಚೂರು ಜಿಲ್ಲೆಯಲ್ಲಿಲ್ಲ. ಇವತ್ತಿನವರೆಗೆ ಒಬ್ಬರಿಗೂ ಒಂದು ಗುಳಿಗೆ ಕೊಟ್ಟವರಲ್ಲ! ಅವರು ವೈದ್ಯಕೀಯ ಕಾಲೇಜಿನಲ್ಲಿ ತಳಿವಿಜ್ಞಾನದ ಪ್ರೊಫೆಸರು. ಹೆತ್ತವರಿಂದ ಮಕ್ಕಳಿಗೆ ಯಾವ ಬೇನೆ ಹೇಗೆ ಇಳಿದು ಬರುತ್ತದೆ ಎಂಬುದೇ ಅವರ ಸಂಶೋಧನೆ. ಮಾನ್ವಿಯ ಬೀಗರೊಬ್ಬರು "ಮೊಣಕಾಲು ಭಾಳ ನೋಯ್ತಾವ್ರೀ ಡಾಕ್ಟ್ರ" ಎಂದರೆ, ಮಾವ ಮೊಣಕಾಲ ಕಡೆ ನೋಡದೆ "ನಿಮ್ಮಜ್ಜಿ ಯಾರ ಮಗಳ್ರೀ?" ಎಂದು ಕೇಳಿದರು. ಬೀಗರು ಸಿಟ್ಟಿಗೆದ್ದು ದಡದಡ ನಡೆದೇಬಿಟ್ಟರು. ಒಂದು ಲೆಕ್ಕಕ್ಕೆ ಮೊಣಕಾಲು ವಾಸಿಯಾದಂತೆಯೇ ಅಲ್ಲವೇ?

ಮದುವೆ ಊಟದಲ್ಲೂ ಅದೇ ಗೋಳು. ಮೊಸರು ಕಲಸಿದ ಗುರೆಳ್ಳು ಚಟ್ನಿಯಲ್ಲಿ ಬೆರಳದ್ದಿ ಬಾಳೆಎಲೆಯ ಮೇಲೆ ವಂಶವೃಕ್ಷ ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಬೇನೆ ಇದ್ದವರಿಗೆ ಒಳಗೆಲ್ಲ ಕಪ್ಪು. ಕವಿತಾಳದ ಯಜಮಾನರೊಬ್ಬರು ಅದನ್ನು ಕುಂಡಲಿ ಎಂದೇ ತಿಳಿದು ಕೈಮುಗಿದರು.

"ನಮ್ಮ ಹುಡುಗಿಗೆ ಗುರುಬಲ ಯಾವಾಗ ಬರ್ತದ್ರೀ?"

"ಸೋದರಮಾವಗ ಕೊಡೋದು ಬಿಟ್ಟು ಹೊರಗ ಕೊಡ್ರಿ, ಇವತ್ತ ಬರ್ತದ!"

ಸಂಶೋಧನೆಗೆಂದು ದೇವದುರ್ಗದಲ್ಲಿ ಮನೆಮನೆಗೆ ಸಣ್ಣ ಶೀಶೆ ಹಿಡಿದು "ಇದರಾಗ ಉಗುಳ್ರಿ" ಎಂದು ಬೇಡಿದರು. "ಯಪ್ಪಾ, ಇಷ್ಟು ಓದಿ ನಮ್ಮ ಉಗುಳು ಬೇಡಾಕ ಬಂದೀಯೇನು?" ಎಂದು ಮರುಗಿದ ಮುದುಕಿಯೊಬ್ಬಳು, ಬಾಯಲ್ಲಿದ್ದ ಎಲೆ-ಅಡಿಕೆ ಸಮೇತ ಶೀಶೆ ತುಂಬಿಸಿದಳು! ಆ ಕೆಂಪು ಶೀಶೆ ಇನ್ನೂ ಮಾವನ ಮೇಜಿನ ಮೇಲಿದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಮಾವನ ಮಗಳು ನನಗೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ನನಗಂತೂ ಅವಳೆಂದರೆ ಜೀವ. ಅವಳು ನನ್ನನ್ನು ಒಮ್ಮೆಯೂ ಅಣ್ಣ ಎಂದಿರಲಿಲ್ಲ. ಸೋದರತ್ತೆಯ ಮಗನನ್ನು ಯಾರೂ ಹಾಗೆ ಕರೆಯುವುದಿಲ್ಲ, ನಿಜ, ಆದರೂ ನಾನು ಅದನ್ನೇ ಪ್ರೀತಿ ಎಂದುಕೊಂಡಿದ್ದೆ.

ಹೋದ ವರ್ಷ ನನ್ನ ತಾಯಿ ತಟ್ಟೆಯಲ್ಲಿ ಸೀರೆ-ಕುಬಸ, ತೆಂಗಿನಕಾಯಿ ಇಟ್ಟುಕೊಂಡು ರಾಯಚೂರಿಗೆ ತಮ್ಮನ ಮನೆಗೆ ಹೆಣ್ಣು ಕೇಳಲು ಹೋದಳು. ಹಿಂದೆ ನಾನು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮಾವ ತಟ್ಟೆ ಮುಟ್ಟಲಿಲ್ಲ. ದೊಡ್ಡದೊಂದು ಹಾಳೆ ತಂದು ಬಿಚ್ಚಿದರು. ನಮ್ಮದೇ ವಂಶವೃಕ್ಷ!

"ಮಗಳ್ನ ಕೊಡಾಕ ಮನಸಿಲ್ಲಂದ್ರ ಬಾಯಿಬಿಟ್ಟು ಹೇಳಲೇ! ಈ ಚೌಕ, ಸೊನ್ನಿ ಯಾಕ ತೋರಸ್ತಿ ನನಗ?" ತಾಯಿ ಕೂಗಿದಳು.

ಮಾವನ ಬೆರಳು ಒಂದು ಕಪ್ಪು ಸೊನ್ನೆಯ ಮೇಲೆ ನಿಂತಿತ್ತು. ನನ್ನ ತಾಯಿಯ ಅಪ್ಪ ತನ್ನ ಅಕ್ಕನ ಮಗಳನ್ನೇ ಮದುವೆಯಾದವನು. ಅವರ ಕೊನೆಯ ಮಗಳು, ಅಂದರೆ ತಾಯಿಗೂ ಮಾವನಿಗೂ ತಂಗಿ, ಎದ್ದು ನಡೆಯಲೇ ಇಲ್ಲ, ಒಂಬತ್ತು ತುಂಬುವಷ್ಟರಲ್ಲಿ ತೀರಿಕೊಂಡಳು. ಅವಳನ್ನು ಹೆಗಲ ಮೇಲೆ ಹೊತ್ತು ಮಾವ ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹರಕೆಗೆಂದು ನಡೆಯುತ್ತಿದ್ದರಂತೆ.

"ಅಕ್ಕಾ, ಊರೆಲ್ಲಾ ನಮ್ಮವ್ವನ ಪಾಪ ಅಂತು. ಯಾರ ಪಾಪನೂ ಅಲ್ಲಬೇ ಅಂತ ಆಕಿಗೆ ಹೇಳಬೇಕಂತನ ಇಷ್ಟು ಓದಿದೆ. ಓದಿ ಬರೋದ್ರಾಗ ಅವ್ವನ ಇರಲಿಲ್ಲ."

ಮಾವ ತಟ್ಟೆ ಮುಟ್ಟದಿದ್ದಾಗ ನನಗೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಮ್ಮನ ಕೈ ಹಿಡಿದು ಹಾಳೆಯ ಮುಂದೆ ಕುಳಿತಳು.

"ನಾ ಇನ್ನೂ ಅದೀನಲ್ಲೋ ತಮ್ಮಾ. ಅವ್ವಗ ಹೇಳೋದು ನನಗ ಹೇಳು."