ಡೇಲ್ ಅವರ ಅಜ್ಜಿಯ ಕ್ಯಾಸೆಟ್ಟು

ಮನುಷ್ಯನ ಅಭಿರುಚಿಗಳಲ್ಲಿ ನಾಲ್ಕು ಜನರೆದುರು ಹೇಳಿಕೊಳ್ಳುವಂಥವು ಕೆಲವು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಅನುಭವಿಸಬೇಕಾದವು ಕೆಲವು. ನನ್ನದು ಎರಡನೆಯ ಜಾತಿಯದು. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳ್ಳಿಗಳಲ್ಲಿ ಹಿಂದೆಲ್ಲ ಮುದುಕಿಯರು ಯಾವ ವಾದ್ಯವೂ ಇಲ್ಲದೆ, ಮೂಗಿನಲ್ಲೇ ಎಳೆದು ಹಾಡುತ್ತಿದ್ದ ಕಥೆಯ ಹಾಡುಗಳೆಂದರೆ ನನಗೆ ಪ್ರಾಣ. ನಾನು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಕಡತಗಳಿಗೆ ನಂಬರು ಹಾಕುವ ಗುಮಾಸ್ತ. ನನಗೂ ಆ ಬೆಟ್ಟಗಳಿಗೂ ಎಂಥ ಸಂಬಂಧವೂ ಇಲ್ಲ. ಒಂದು ದಿನ ಫೋನಿನಲ್ಲಿ ಕೊಂಕಣಿ ಹಾಡು ಮುಗಿದ ಮೇಲೆ ಅದು ತಾನಾಗಿಯೇ ಅಂಥ ಒಬ್ಬ ಮುದುಕಿಯನ್ನು ಹಾಡಿಸಿತು. ನಿಲ್ಲಿಸಲೆಂದು ಬೆರಳೆತ್ತಿದವನು ಹಾಡು ಮುಗಿಯುವವರೆಗೂ ಬೆರಳು ಇಳಿಸಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ನಾನು ಭಾರೀ ಮಡಿವಂತ. ದನಿ ಸ್ವಲ್ಪ ಒಡೆದಿರಬೇಕು, ಉಸಿರು ಕೇಳಿಸಬೇಕು. ಸ್ಟುಡಿಯೋದಲ್ಲಿ ತೊಳೆದು ಇಸ್ತ್ರಿ ಮಾಡಿದ ಗಾಯಕಿಯರು ನನಗೆ ಬೇಡ. ಬ್ಯಾಂಜೊ ಬಂದರೆ ಹಬ್ಬಕ್ಕೆ ಬಂದ ದೂರದ ನೆಂಟನಂತೆ ಸಹಿಸುತ್ತೇನೆ, ಗಿಟಾರು ಬಂದರೆ ಎದ್ದು ಹೋಗುತ್ತೇನೆ. ದೋಹಾದ ಬಿನ್ ಒಮ್ರಾನ್ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ, ಅಡುಗೆಮನೆಗೆ. ಅಲ್ಲಿ ನನ್ನ ಹೆಂಡತಿ ಲವೀನಾ ಇರುತ್ತಾಳೆ. ಅವಳು ಚರ್ಚಿನಲ್ಲಿ ಹಾಡುವವಳು, ಶ್ರುತಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ನನ್ನ ಮೆಚ್ಚಿನ ಮುದುಕಿಯೊಬ್ಬಳನ್ನು ಕೇಳಿಸಿದಾಗ, "ಪಾಪ, ಅವರಿಗೆ ಹಲ್ಲುನೋವಿರಬೇಕು" ಎಂದಳು. ಆರು ವರ್ಷದ ಮಗಳು ಇನ್ನೂ ಮುಂದೆ ಹೋಗಿ, "ಪಪ್ಪಾ, ಈ ಆಂಟಿ ಯಾಕೆ ಕ್ರೈ ಮಾಡ್ತಾ ಇದ್ದಾಳೆ? ಅವಳ ಮಮ್ಮಿ ಎಲ್ಲಿ?" ಎಂದು ಕೇಳಿದಳು.

ಈ ಹಾಡುಗಳನ್ನು ಹುಡುಕುವುದೂ ಸುಲಭವಲ್ಲ. ಆ ಕಡೆಯದೇ ಬ್ಲೂಗ್ರಾಸ್ ಎಂಬ ಸಂಗೀತವೊಂದಿದೆ. ಆ ಹೆಸರು ಬರೆದು ಹುಡುಕಿದ್ದೇ ತಪ್ಪಾಯಿತು, ಹುಲ್ಲಿನ ಬೀಜ ಮಾರುವವರೆಲ್ಲ ಬಂದು ನಿಂತರು. ಮರುಭೂಮಿಯಲ್ಲಿ ಕುಳಿತ ನನಗೆ ಒಂದು ತಿಂಗಳು ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತು ನೋಡುವ ಭಾಗ್ಯ.

ಹೀಗಿರುವಾಗ ಒಂದು ಬೆಳಿಗ್ಗೆ ಅಲ್ ಶಮಾಲಿನ ಸೈಟಿಗೆ ನಮ್ಮ ಸುರಕ್ಷತಾ ಅಧಿಕಾರಿ ಡೇಲ್ ಅವರ ಕಾರಿನಲ್ಲಿ ಹೊರಟಿದ್ದೆ. ಅರವತ್ತು ಸಮೀಪಿಸಿದ ಅಮೆರಿಕನ್, ಮಾತು ಕಡಿಮೆ. ನನ್ನ ಫೋನು ಯಾವ ಮಾಯದಲ್ಲೋ ಅವರ ಕಾರಿನ ಸ್ಪೀಕರಿಗೆ ಸೇರಿಕೊಂಡು, ಮುದುಕಿ ಎತ್ತರದ ದನಿಯಲ್ಲಿ ಶುರುಮಾಡಿಯೇಬಿಟ್ಟಳು. ಡೇಲ್ ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದರು. ಹೆಲ್ಮೆಟ್ ಹಾಕದವರನ್ನು ಹಿಡಿದಾಗಲೂ ಅವರ ಮುಖ ಅಷ್ಟು ಗಂಭೀರವಾದದ್ದು ನಾನು ನೋಡಿರಲಿಲ್ಲ.

"ನನ್ನ ಅಜ್ಜಿಯನ್ನು ಈ ಗಾಡಿಯಲ್ಲಿ ಕೂರಿಸಿದ್ದು ಯಾರು?" ಎಂದು ಕೇಳಿದರು.

ಅವರು ಹುಟ್ಟಿದ್ದು ಕೆಂಟಕಿಯ ಬೆಟ್ಟದ ಹಳ್ಳಿಯಲ್ಲಂತೆ. ಅಜ್ಜಿ ಹಿಟ್ಟು ನಾದುತ್ತಾ ಹೀಗೇ ಹಾಡುತ್ತಿದ್ದರಂತೆ, ಇವರು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದರಂತೆ. ಆ ಅಜ್ಜಿಯ ಒಂದೇ ಒಂದು ಕ್ಯಾಸೆಟ್ಟು ಅಜ್ಜಿಯ ಕಿರಿಮಗಳು, ಅವರ ಚಿಕ್ಕಮ್ಮನ ಬಳಿ ಉಳಿದಿತ್ತು. "ಮೂವತ್ತು ವರ್ಷದಿಂದ ಯಾರೂ ಹಾಕಿ ಕೇಳಿಲ್ಲ. ನಿನಗೆ ಅಷ್ಟು ಆಸೆಯಿದ್ದರೆ ತರುತ್ತೇನೆ" ಎಂದರು. ರಜೆಗೆ ಹೋದವರು ಅದನ್ನು ಕಾಲುಚೀಲದೊಳಗೆ ಸುತ್ತಿ ಜೋಪಾನವಾಗಿ ತಂದೇಬಿಟ್ಟರು.

ಈಗ ಬೇಕಾದದ್ದು ಟೇಪ್‌ರೆಕಾರ್ಡರು. ನಮ್ಮ ಕಟ್ಟಡದ ಯಾರ ಬಳಿಯೂ ಇರಲಿಲ್ಲ. ಕೊನೆಗೆ ನೆನಪಾದವರು ಅಲ್ ಹಿಲಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಉಳ್ಳಾಲದ ಬ್ಯಾರಿ ಮುಸ್ಲಿಂ, ನಾವೆಲ್ಲ ಅಣ್ಣನೆಂಬಂತೆ ಹಮೀದ್ಕ ಎಂದು ಕರೆಯುವವರು. ನೂಲಿನುಂಡೆಗಳ ಕಪಾಟಿನ ಮೇಲೆ ಬಟ್ಟೆ ಹೊದಿಸಿದ ಟೇಪ್‌ರೆಕಾರ್ಡರೊಂದನ್ನು ಅವರು ಗಲ್ಫಿಗೆ ಬಂದಾಗಿನಿಂದ ಇಟ್ಟುಕೊಂಡಿದ್ದರು. ಶುಕ್ರವಾರ ನಮಾಜು ಮುಗಿದು ಅಂಗಡಿ ತೆರೆಯುವ ಹೊತ್ತಿಗೆ ಡೇಲ್ ಅವರನ್ನು ಕರೆದುಕೊಂಡು ಹೋದೆ.

"ಬನ್ನಿ ಪರ್ಬುಗಳೇ" ಎಂದರು ಹಮೀದ್ಕ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವುದು ಹಾಗೆ. "ಸಾಹೇಬ್ರಿಗೆ ಪ್ಯಾಂಟು ಹೊಲಿಯಲಿಕ್ಕುಂಟಾ?"

"ಪ್ಯಾಂಟಲ್ಲ ಹಮೀದ್ಕ, ಇವರ ಅಜ್ಜಿಯನ್ನು ಹಾಡಿಸಲಿಕ್ಕುಂಟು" ಎಂದೆ.

ಅಜ್ಜಿ ಎರಡು ಸಾಲು ಹಾಡಿದರು. ಮೂರನೆಯ ಸಾಲಿಗೆ ಟೇಪು ಒಳಗೆ ಸುತ್ತಿಕೊಂಡು, ಯಂತ್ರ ಅಜ್ಜಿಯನ್ನು ಜಗಿಯತೊಡಗಿತು. ಹಮೀದ್ಕ ಗುಂಡಿ ಒತ್ತಿ ತೆಗೆಯುವಷ್ಟರಲ್ಲಿ ಪಟ್ಟಿ ಹರಿದು ಎರಡಾಗಿತ್ತು. ಬೇರೆ ಪ್ರತಿಯಿಲ್ಲ. ಡೇಲ್ ಅಲ್ಲಿದ್ದ ಸ್ಟೂಲಿನ ಮೇಲೆ ಮೆಲ್ಲನೆ ಕುಳಿತರು. ಮನುಷ್ಯನ ಒಬ್ಬಳೇ ಅಜ್ಜಿಯನ್ನು ನನ್ನ ಶೋಕಿಗಾಗಿ ಹಾಳು ಮಾಡಿಬಿಟ್ಟಿದ್ದೆ.

"ಖಲಾಸ್" ಎಂದೆ.

"ಎಂಥ ಖಲಾಸ್ ಮಾರಾಯ್ರೆ. ಟೈಲರನ ಅಂಗಡಿಗೆ ಬಂದು ಹರಿದದ್ದಕ್ಕೆ ಹೆದರುವುದಾ?" ಎಂದರು ಹಮೀದ್ಕ.

ಕನ್ನಡಕ ಏರಿಸಿ, ಹರಿದ ಎರಡು ತುದಿಗಳನ್ನು ನೇರವಾಗಿ ಕತ್ತರಿಸಿ, ಅಂಟುಪಟ್ಟಿಯ ಚೂರೊಂದನ್ನು ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಹಚ್ಚಿದರು. ಹತ್ತಿಯಿಂದ ಯಂತ್ರದ ಬಾಯಿ ಒರೆಸಿದರು. ಪೆನ್ಸಿಲಿನಿಂದ ಕ್ಯಾಸೆಟ್ಟು ಸುತ್ತಿದರು. ಸದ್ದು ಬೇಡವೆಂದು ಏಸಿ ಆರಿಸಿ ಬಾಗಿಲು ಹಾಕಿದರು. ನಾನು ಫೋನಿನಲ್ಲಿ ಧ್ವನಿಮುದ್ರಣ ಶುರುಮಾಡಿ ಪಕ್ಕದಲ್ಲಿಟ್ಟೆ. ಮೂವರೂ ಬೆವರಿನಲ್ಲಿ ತೊಯ್ದು ಕುಳಿತೆವು. ಅಜ್ಜಿ ಹಾಡಿದರು. ನದಿಯ ದಡದಲ್ಲಿ ಗಂಡನನ್ನು ಕಾಯುವ ಹೆಂಗಸಿನ ಕಥೆ. ಕುದುರೆ ಮಾತ್ರ ಮರಳಿ ಬರುತ್ತದೆ.

"ನನ್ನ ಉಮ್ಮ ಬೀಡಿ ಕಟ್ಟುವಾಗ ಹೀಗೇ ಹಾಡುತ್ತಿದ್ದದ್ದು" ಎಂದರು ಹಮೀದ್ಕ, ಹಾಡು ನಿಂತ ಮೇಲೆ. "ಸಾಲಿನ ಕೊನೆಗೆ ದನಿಯನ್ನು ಹೀಗೇ ಮೇಲಕ್ಕೆ ಎಸೆಯುವುದು."

"ಇನ್ನೊಮ್ಮೆ ಹಾಕಿ" ಎಂದರು ಡೇಲ್. ಅಂಟಿಸಿದ ಜಾಗದಲ್ಲಿ ಒಂದು ಪದ ಹಾರಿಹೋಗಿತ್ತು. ಎರಡನೆಯ ಸಲ ಅಲ್ಲಿಗೆ ಬಂದಾಗ, ಕಿವಿ ಮುಚ್ಚಿಕೊಂಡು ಓಡುತ್ತಿದ್ದ ಆ ಮನುಷ್ಯ ಅದೇ ಪದವನ್ನು ಅದೇ ರಾಗದಲ್ಲಿ ಮೂಗಿನಿಂದ ಹಾಡಿ ತುಂಬಿಸಿದರು. ಆಮೇಲೆ ತಾವೇ ನಾಚಿಕೊಂಡು ನಕ್ಕರು. ಹಮೀದ್ಕ ಚಾ ತರಿಸಿದರು. ನಾವು ಐದು ಸಲ ಕೇಳಿದೆವು.

ನಾನು ಮುದ್ರಿಸಿದ ಪ್ರತಿಯನ್ನು ಡೇಲ್ ಕೆಂಟಕಿಯ ಚಿಕ್ಕಮ್ಮನಿಗೆ ಕಳಿಸಿದರು. ವಾರದ ನಂತರ ನನ್ನ ಮೇಜಿನ ಬಳಿ ಬಂದು, "ಚಿಕ್ಕಮ್ಮ ಅತ್ತೂ ಅತ್ತೂ ಖುಷಿಯಾಗಿದ್ದಾರೆ. ಅದರಲ್ಲಿ ಅವರಪ್ಪನ ದನಿಯೂ ಇದೆಯಂತೆ" ಎಂದರು. ಅಜ್ಜಿ ಹಾಡುವಾಗ ಅಜ್ಜ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದರಂತೆ. ನಾನು ಇಯರ್‌ಫೋನ್ ಹಾಕಿ ಕೇಳಿದೆ. ನಿಜ, ಪ್ರತಿ ಸಾಲು ಮುಗಿದಾಗಲೂ ಒಂದು ಗಂಡುದನಿ ಗಂಭೀರವಾಗಿ "ಹೂಂ" ಎನ್ನುತ್ತಿತ್ತು. ಕಥೆ ಕೇಳುವಾಗ ಹೂಂಗುಟ್ಟುವುದು ನಮ್ಮೂರಿನ ಅಭ್ಯಾಸ. ಆ ದನಿ ನನ್ನದು.

"ನೀನೇ ತಾನೇ?" ಎಂದರು ಡೇಲ್.

"ಕ್ಷಮಿಸಿ ಸರ್. ಅವರಿಗೆ ನಿಜ ಹೇಳಿಬಿಡೋಣ."

"ಅವರಿಗೆ ಎಂಬತ್ತೆಂಟು. ಅಪ್ಪನ ದನಿ ಅವರ ಬಳಿ ಬೇರೆಲ್ಲೂ ಇಲ್ಲ. ನೀನು ಸುಮ್ಮನಿರು."

ಹಾಗಾಗಿ ಕೆಂಟಕಿಯ ಆ ಮನೆಯಲ್ಲಿ ನೆಂಟರು ಸೇರಿದಾಗಲೆಲ್ಲ ನಾನು ತೀರಿಹೋದ ಅಜ್ಜನಾಗಿ ಹೂಂಗುಟ್ಟುತ್ತಿದ್ದೇನೆ. ಮೊನ್ನೆ ಚಿಕ್ಕಮ್ಮ ಫೋನಿನಲ್ಲಿ ಹೇಳಿದರಂತೆ, "ಅಪ್ಪನ ಎದೆಯಲ್ಲಿ ಆಗಲೇ ಕಫ ಕಟ್ಟಿತ್ತು, ದನಿಯಲ್ಲೇ ಗೊತ್ತಾಗುತ್ತದೆ. ಪಾಪ, ನಾವ್ಯಾರೂ ಗಮನಿಸಲಿಲ್ಲ." ಅಂದು ಸಂಜೆ ಮನೆಗೆ ಬಂದವನೇ ಲವೀನಾಳ ಹತ್ತಿರ ಶುಂಠಿ ಕಷಾಯ ಮಾಡಿಸಿಕೊಂಡು ಕುಡಿದೆ.